ಸೊರಬದ ಸ್ಟಾಫ್ ರೂಮಿನಲ್ಲಿ ಮಾತಾಡಿದ ಕಂಪ್ಯೂಟರ್

ಕಾಲೇಜುಗಳಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ತಾಳಗುಂದದ ನಮ್ಮ ಮನೆಗೆ ಬರುತ್ತಾರೆ. ‘ಸರ್, ಯಾವ ಕೋರ್ಸ್ ಮಾಡಿಕೊಂಡರೆ ಒಳ್ಳೆಯದು?’ ಎಂದು ಕೇಳುತ್ತಾರೆ. ಕೋರ್ಸಿನ ವಿಷಯದಲ್ಲಿ ನನಗೆ ಹೇಳಲು ಹೆಚ್ಚೇನಿಲ್ಲ. ಕೆಟ್ಟ ಯಂತ್ರವನ್ನು ಸರಿ ಮಾಡುವುದು ಮಾಡುತ್ತ ಮಾಡುತ್ತ ಬರುತ್ತದೆ. ಅದರ ಮುಂದೆ ಕೂರುವವರು ಏನು ಮಾಡಲು ಹೊರಟಿದ್ದಾರೆ ಎಂದು ಕೇಳಿಕೊಳ್ಳುವ ಅಭ್ಯಾಸ ಮಾತ್ರ ತಾನಾಗಿ ಬರುವುದಿಲ್ಲ. ನನಗೆ ಅದನ್ನು ಕಲಿಸಿದ್ದು ಸೊರಬದ ಒಬ್ಬ ಇತಿಹಾಸದ ಮೇಡಂ. ಬಂದವರಿಗೆಲ್ಲ ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಈಗ ಬರೆದೇ ಇಡುತ್ತಿದ್ದೇನೆ.

ನಮ್ಮದು ಕುರಿ ಸಾಕುವ ಮನೆತನ. ನಾನು ಶಿಕಾರಿಪುರದ ಒಂದು ಖಾಸಗಿ ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ಸೇರಿದಾಗ ಅವ್ವ ಬಹಳ ದಿನ ಅನುಮಾನದಲ್ಲೇ ಇದ್ದಳು. ‘ದಿನಾ ಹೋಗಿ ರಿಪೇರಿ ಮಾಡ್ತಿ. ಒಂದಿನಾನೂ ಅದು ಸರಿ ಹೋಗಂಗಿಲ್ಲೇನಪ್ಪ?’ ಎನ್ನುತ್ತಿದ್ದಳು. ಆಗ ಲ್ಯಾಬಿನೊಳಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿರಲಿಲ್ಲ. ದೇವರ ಕೋಣೆಗೆ ಹೋದಂತೆ ಕೈಕಾಲು ತೊಳೆದು ಒಳಗೆ ಬರುವ ಹುಡುಗಿಯರೂ ಇದ್ದರು. ಅಷ್ಟು ಮಡಿ ಮಾಡಿದರೂ ಪೆನ್‌ಡ್ರೈವ್‌ಗಳಲ್ಲಿ ವೈರಸ್ ಬರುವುದು ತಪ್ಪಲಿಲ್ಲ.

ನಮ್ಮ ಸಂಸ್ಥೆಗೆ ಶಿಕಾರಿಪುರದಲ್ಲೊಂದು, ಸೊರಬದಲ್ಲೊಂದು ಕಾಲೇಜು. ಎರಡಕ್ಕೂ ಕಾರ್ಯದರ್ಶಿ ಶಿವಾನಂದಪ್ಪನವರು, ಮೊದಲು ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದವರು. ಬಿಳಿ ಅಂಗಿ, ಬಿಳಿ ಪಂಚೆ, ಗಟ್ಟಿ ದನಿ. ಹಳೆಯ ಕಂಪ್ಯೂಟರುಗಳು ವಿಂಡೋಸ್‌ನ ಭಾರ ತಾಳದೆ ಏದುಸಿರು ಬಿಡತೊಡಗಿದಾಗ, ಅವುಗಳಲ್ಲಿ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕುತ್ತೇನೆ ಎಂದು ನಾನು ಅವರ ಮುಂದೆ ನಿಂತೆ.

‘ಏನ್ರೀ ಮಂಜಪ್ಪ, ಪುಕ್ಕಟೆ ಬರೋ ವಸ್ತು ಎಷ್ಟು ದಿನ ಬಾಳಿಕೆ ಬಂದೀತು? ಆಫೀಸಿನಾಗ ವಿಂಡೋಸ್ ಐತಿ, ಲ್ಯಾಬಿನಾಗ ಇನ್ನೊಂದು. ಒಂದರದ್ದು ಇನ್ನೊಂದಕ್ಕ ತಿಳಿಬೇಕಲ್ಲ?’ ಎಂದರು.

ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ನಾನು ವಾದ ಮಾಡಲಿಲ್ಲ. ಮೂಲೆಗೆ ಹಾಕಿದ್ದ ಒಂದು ಯಂತ್ರವನ್ನು ಎತ್ತಿ ತಂದು ಲಿನಕ್ಸ್‌ನಲ್ಲಿ ಎಬ್ಬಿಸಿದೆ. ಸಾಂಬಾ ಎಂಬ ತಂತ್ರಾಂಶ ಹಾಕಿ ಅದರಲ್ಲಿ ಎಲ್ಲರಿಗೂ ಕಾಣುವ ಒಂದು ಫೋಲ್ಡರ್ ತೆರೆದೆ. ಸಾಂಬಾ ಇದ್ದರೆ ಲಿನಕ್ಸ್ ಯಂತ್ರವು ವಿಂಡೋಸ್ ಯಂತ್ರಗಳ ಜೊತೆ ಅವುಗಳದೇ ಭಾಷೆಯಲ್ಲಿ ಮಾತಾಡುತ್ತದೆ, ಅಷ್ಟೇ. ಆಮೇಲೆ ಕಾರ್ಯದರ್ಶಿಗಳನ್ನು ಅವರ ಕುರ್ಚಿಯಲ್ಲೇ ಕೂರಿಸಿ, ಅವರ ವಿಂಡೋಸ್ ಕಂಪ್ಯೂಟರಿನಿಂದ ಒಂದು ಸುತ್ತೋಲೆಯನ್ನು ಆ ಫೋಲ್ಡರಿಗೆ ಹಾಕಲು ಹೇಳಿದೆ. ಕಾರಿಡಾರಿನಾಚೆಯ ಲ್ಯಾಬಿನಲ್ಲಿ ಅದನ್ನು ತೆರೆದು ಜೋರಾಗಿ ಓದಿದೆ. ಅವರು ಕುರ್ಚಿಯಿಂದಲೇ ‘ಕೇಳ್ತು ಕೇಳ್ತು, ನಡೀಲಿ’ ಎಂದು ಕೂಗಿದರು. ಅಂದಿನಿಂದ ಎರಡೂ ಕಾಲೇಜಿನ ಹಳೆಯ ಯಂತ್ರಗಳಲ್ಲಿ ಲಿನಕ್ಸ್ ನಡೆಯಿತು. ಮೇಲಿನವರಿಗೆ ವಿವರಿಸುವುದಕ್ಕಿಂತ ತೋರಿಸುವುದು ಸುಲಭ.

ಹೀಗೆ ನಾನು ವಾರದಲ್ಲಿ ಕೆಲವು ದಿನ ಶಿರಾಳಕೊಪ್ಪದ ಮೇಲೆ ಬಸ್ಸು ಹಿಡಿದು ಸೊರಬಕ್ಕೆ ಹೋಗುವಂತಾಯಿತು.

ಅಲ್ಲಿ ಸುಮಿತ್ರಾ ಮೇಡಂ ಇತಿಹಾಸ ಹೇಳುತ್ತಿದ್ದರು. ಅವರ ತರಗತಿಯಲ್ಲಿ ಹಾಜರಾತಿಗಾಗಿ ಕೂತವರು ಕಡಿಮೆ ಎಂದು ಎಲ್ಲರೂ ಹೇಳುತ್ತಿದ್ದರು. ನಾನು ಅವರನ್ನು ಗಮನಿಸಿದ್ದು ಬೇರೆ ಕಾರಣಕ್ಕೆ. ಸ್ಟಾಫ್ ರೂಮಿನ ಕಂಪ್ಯೂಟರಿನಲ್ಲಿ ಅಕ್ಷರದ ಗಾತ್ರವನ್ನು ಪ್ರತಿ ಸಲ ಯಾರೋ ದೊಡ್ಡದು ಮಾಡಿ ಹೋಗುತ್ತಿದ್ದರು. ಒಮ್ಮೆ ಹೋದಾಗ ಒಂದು ಸಾಲಿನಲ್ಲಿ ನಾಲ್ಕೈದು ಪದ ಹಿಡಿಯುತ್ತಿದ್ದವು. ಮುಂದಿನ ಸಲ ಎರಡೇ ಪದ. ಯಾರೋ ಆಟಕ್ಕೆ ಮಾಡುತ್ತಾರೆಂದು ನಾನು ಸರಿಪಡಿಸುತ್ತಲೇ ಇದ್ದೆ. ಒಂದು ಮಧ್ಯಾಹ್ನ ಮೇಡಂ ನನ್ನ ಹಿಂದೆ ಬಂದು ನಿಂತು, ‘ಅದನ್ನ ಹಾಗೇ ಬಿಡಿ ಸರ್. ಅಷ್ಟು ದೊಡ್ಡದಿದ್ರೂ ನಂಗೆ ಅರ್ಧ ಕಾಣೋದಿಲ್ಲ’ ಎಂದರು.

ಕಣ್ಣಿನ ಒಳಪರದೆ ಸವೆಯುತ್ತ ಬರುವ ಕಾಯಿಲೆಯಂತೆ. ಮದ್ದಿಲ್ಲ ಎಂದು ಡಾಕ್ಟರು ಹೇಳಿದ್ದರು. ಪಾಠ ಮಾಡಲು ತೊಂದರೆ ಇರಲಿಲ್ಲ, ಪಾಠವೆಲ್ಲ ತಲೆಯಲ್ಲೇ ಇತ್ತು. ಹುಡುಗರು ಬರೆದದ್ದನ್ನು ಓದಲು ಮಾತ್ರ ಆಗುತ್ತಿರಲಿಲ್ಲ. ಕೆಲವು ತಿಂಗಳು ಮನೆಯಲ್ಲಿ ಗಂಡ ಓದಿ ಹೇಳಿದರು. ಅಷ್ಟರಲ್ಲಿ ಸುದ್ದಿ ಶಿಕಾರಿಪುರಕ್ಕೆ ಮುಟ್ಟಿತು.

ಸೊರಬಕ್ಕೆ ಬಂದ ಶಿವಾನಂದಪ್ಪನವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ‘ಮೇಡಂ, ಸಂಬಳಕ್ಕ ಏನೂ ತೊಂದ್ರಿ ಇಲ್ಲ. ಲೈಬ್ರರಿಯಾಗ ಒಂದು ಕುರ್ಚಿ ಹಾಕಿಸ್ತೀನಿ, ಆರಾಮ ಕುಂದರ್ರಿ’ ಎಂದರು. ನಾನು ಅಲ್ಲೇ ಸ್ಟಾಫ್ ರೂಮಿನ ಪ್ರಿಂಟರಿನ ಹತ್ತಿರ ಇದ್ದೆ.

‘ಕೂತುಕೊಳ್ಳೋದು ಕೆಲಸ ಅಲ್ಲ ಸರ್,’ ಎಂದರು ಮೇಡಂ. ‘ಮಕ್ಕಳು ಬರೆದದ್ದನ್ನ ನೋಡದೆ ಪಾಠ ಮಾಡೋದೂ ಕೆಲಸ ಅಲ್ಲ, ಅದು ನಂಗೊತ್ತು. ಈ ವರ್ಷ ಮುಗಿಯೋವರೆಗೆ ಬಿಡಿ. ದಾರಿ ಸಿಗದಿದ್ರೆ ನಾನೇ ಬಿಟ್ಟು ಹೋಗ್ತೀನಿ.’

ಕಾರ್ಯದರ್ಶಿಗಳು ಒಪ್ಪಿದರು. ವರ್ಷದ ಕೊನೆಗೆ ಆಡಳಿತ ಮಂಡಳಿಯವರೊಂದಿಗೆ ಬಂದು ನೋಡುತ್ತೇನೆ, ಯಾರ ಸಹಾಯವೂ ಇಲ್ಲದೆ ಹುಡುಗರ ಬರಹ ಓದಿ ಅಂಕ ಹಾಕಬಲ್ಲಿರಾದರೆ ಮುಂದುವರಿಯಿರಿ ಎಂದರು. ಅವರು ಹೋದ ಮೇಲೆ ಮೇಡಂ ನಾನಿದ್ದ ಕಡೆ ಮುಖ ತಿರುಗಿಸಿ, ‘ಮಂಜಪ್ಪ ಸರ್, ಓದಿ ಹೇಳೋ ಯಂತ್ರ ಎಲ್ಲಾದ್ರೂ ಉಂಟಾ?’ ಎಂದು ಕೇಳಿದರು.

ಉಂಟು ಎಂದು ಓದಿ ಗೊತ್ತಿತ್ತು, ಕೈಯಿಂದ ಮುಟ್ಟಿ ನೋಡಿರಲಿಲ್ಲ. ಲಿನಕ್ಸ್‌ನ ಜೊತೆಗೇ ಪರದೆ ಓದುವ ಒಂದು ತಂತ್ರಾಂಶ ಬರುತ್ತದೆ. ಅದಕ್ಕೆ ಕನ್ನಡದ ದನಿಯೂ ಇದೆ. ಮುಂದಿನ ಸಲ ಪೆನ್‌ಡ್ರೈವ್‌ನಲ್ಲಿ ಲಿನಕ್ಸ್ ತಂದು, ಸ್ಟಾಫ್ ರೂಮಿನ ಯಂತ್ರವನ್ನು ಅದರಿಂದಲೇ ಎಬ್ಬಿಸಿದೆ. ಒಳಗಿನ ವಿಂಡೋಸ್ ಮುಟ್ಟಲಿಲ್ಲ. ಮೂಗು ಕಟ್ಟಿದವರ ಹಾಗೆ ಒಂದು ದನಿ ಕನ್ನಡದಲ್ಲಿ ಮಾತಾಡಿತು. ನಾನು ಕೀಲಿಮಣೆಯಲ್ಲಿ ‘ಸುಮಿತ್ರಾ ಮೇಡಂ, ನಮಸ್ಕಾರ’ ಎಂದು ಬರೆದೆ. ಯಂತ್ರ ಅದನ್ನು ಓದಿತು. ಮೇಡಂ ಕುರ್ಚಿಯ ಎರಡೂ ಕೈ ಹಿಡಿದುಕೊಂಡು ನಕ್ಕರು. ‘ಇದಕ್ಕೆ ನೆಗಡಿ ಆಗಿದೆ ಮಾರಾಯ್ರೆ!’

ಆ ನಗು ಬಹಳ ಹೊತ್ತು ಉಳಿಯಲಿಲ್ಲ. ಆಫೀಸಿನ ಒಂದು ಸುತ್ತೋಲೆ ತೆರೆದೆವು. ಕನ್ನಡವೇ, ನನ್ನ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಯಂತ್ರ ಮಾತ್ರ ‘ಪಿ, ಎ, ಪೌಂಡ್, ಕ್ಯೂ’ ಎಂದು ಒದರತೊಡಗಿತು. ಕೈಬರಹ ಯಂತ್ರಕ್ಕೆ ಓದಲಾಗದೆಂದು ಮೇಡಂ ಹುಡುಗರಿಂದ ಟೈಪು ಮಾಡಿಸಿದ್ದ ಪ್ರಬಂಧ ತೆರೆದರೆ ಅಲ್ಲೂ ಅದೇ.

‘ಎಂತ ಆಯ್ತು ಸರ್?’

ಕಾರಣ ತಿಳಿಯಲು ನನಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಹಳೆಯ ಕನ್ನಡ ಫಾಂಟುಗಳಲ್ಲಿ ಬರೆದದ್ದು ನೋಡಲಷ್ಟೇ ಕನ್ನಡ. ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ಅವುಗಳ ಮೇಲೆ ಕನ್ನಡದ ವೇಷ. ಕಣ್ಣಿರುವವರಿಗೆ ವೇಷ ಸಾಕು. ಯಂತ್ರ ಒಳಗಿದ್ದದ್ದನ್ನೇ ಓದುತ್ತದೆ. ಯುನಿಕೋಡ್‌ನಲ್ಲಿ ಬರೆದರೆ ಒಳಗೂ ಕನ್ನಡವೇ ಇರುತ್ತದೆ. ಇದನ್ನೆಲ್ಲ ಹೇಳಿದೆ. ಮೇಡಂ ಕೇಳಿಸಿಕೊಂಡು, ‘ಅಂದ್ರೆ ನಮ್ಮ ಆಫೀಸಿನಲ್ಲಿ ಇಷ್ಟು ವರ್ಷ ಕನ್ನಡ ಬರೀಲೇ ಇಲ್ಲ ಅನ್ನಿ’ ಎಂದರು.

ಆಫೀಸಿನಲ್ಲಿ ಟೈಪು ಮಾಡುವವರು ರೇಣುಕಾ. ಬೆರಳು ಓಡುವ ವೇಗ ನೋಡಿದರೆ ಯಾರಿಗೂ ಅವರಿಗೆ ಫಾಂಟು ಬದಲಾಯಿಸಿ ಎನ್ನಲು ಬಾಯಿ ಬರುತ್ತಿರಲಿಲ್ಲ. ‘ಸರ್, ನಂಗೆ ಹಳೇದೇ ರೂಢಿ. ಈಗ ಹೊಸದು ಹಿಡಿದ್ರೆ ಪರೀಕ್ಷೆ ಕೆಲಸ ಎಲ್ಲ ನಿಂತುಹೋಗ್ತದೆ,’ ಎಂದರು. ನಿಜವೇ. ಅವರ ರೂಢಿಯನ್ನು ಕೆಡಿಸದೆ ಕೆಲಸ ಆಗಬೇಕಿತ್ತು. ಹಳೆಯ ಫಾಂಟಿನ ಬರಹವನ್ನು ಯುನಿಕೋಡ್‌ಗೆ ತಿರುಗಿಸುವ ಸಣ್ಣ ತಂತ್ರಾಂಶಗಳು ಅಂತರಜಾಲದಲ್ಲಿ ಸಿಗುತ್ತವೆ. ಒಂದನ್ನು ತಂದು, ಸೊರಬದಲ್ಲೂ ಫೋಲ್ಡರ್ ಹಂಚಲು ಇಟ್ಟಿದ್ದ ನಮ್ಮ ಲಿನಕ್ಸ್ ಯಂತ್ರದಲ್ಲಿ ಕೂರಿಸಿದೆ. ಸಾಂಬಾದಲ್ಲಿ ‘ಒಳಗೆ’, ‘ಹೊರಗೆ’ ಎಂದು ಎರಡು ಫೋಲ್ಡರ್ ಮಾಡಿದೆ. ರೇಣುಕಾ ಆಗಲಿ, ಹುಡುಗರಾಗಲಿ ವಿಂಡೋಸ್‌ನಿಂದ ‘ಒಳಗೆ’ ಹಾಕಿದ್ದು ಸ್ವಲ್ಪ ಹೊತ್ತಿನಲ್ಲೇ ಓದುವ ಕನ್ನಡವಾಗಿ ‘ಹೊರಗೆ’ ಬರುತ್ತಿತ್ತು. ಮೊದಮೊದಲು ಒತ್ತಕ್ಷರಗಳು ದಾರಿ ತಪ್ಪುತ್ತಿದ್ದವು. ‘ರಾಷ್ಟ್ರಕೂಟ’ ಬಂದಾಗಲೆಲ್ಲ ಯಂತ್ರಕ್ಕೆ ಬಿಕ್ಕಳಿಕೆ. ಮೇಡಂ ತಪ್ಪು ಹಿಡಿದು ಹೇಳುತ್ತಿದ್ದರು, ನಾನು ತಿದ್ದುತ್ತಿದ್ದೆ.

ಇನ್ನೊಂದು ತೊಡಕಿತ್ತು. ಸ್ಟಾಫ್ ರೂಮಿನ ಯಂತ್ರ ಒಂದೇ, ಉಳಿದವರಿಗೆ ವಿಂಡೋಸ್ ಬೇಕು. ಹಾಗಾಗಿ ಎರಡನ್ನೂ ಹಾಕಿದೆ. ಆನ್ ಮಾಡಿದಾಗ ಯಾವುದು ಬೇಕೆಂದು ಕೇಳುವ ಪಟ್ಟಿ ಪರದೆಯ ಮೇಲೆ ಬರುತ್ತದೆ. ನಾನು ಹೆಮ್ಮೆಯಿಂದ, ‘ಪಟ್ಟಿ ಬಂದ ತಕ್ಷಣ ಎಂಟರ್ ಒತ್ತಿ’ ಎಂದೆ.

‘ಪಟ್ಟಿ ಬಂತು ಅಂತ ನಂಗೆ ಯಾರು ಹೇಳ್ತಾರೆ?’ ಎಂದರು ಮೇಡಂ.

ಯಂತ್ರಕ್ಕೆ ಬಾಯಿ ಬರುವುದು ಲಿನಕ್ಸ್ ಪೂರ್ತಿ ಎದ್ದ ಮೇಲೆ. ಅದಕ್ಕೂ ಮೊದಲಿನ ಎಲ್ಲ ಹಂತಗಳೂ ಮೂಕ. ಅಷ್ಟು ವರ್ಷ ನಾನು ಎಷ್ಟು ಸಾವಿರ ಸಲ ಯಂತ್ರ ಎಬ್ಬಿಸಿದ್ದೇನೋ, ಆ ಮೌನ ನನ್ನ ಕಿವಿಗೆ ಬಿದ್ದಿರಲಿಲ್ಲ. ಹುಡುಕಿದಾಗ ಆ ಪಟ್ಟಿಗೆ ಒಂದು ಬೀಪ್ ಸದ್ದು ಕೊಡಲು ದಾರಿ ಇರುವುದು ಸಿಕ್ಕಿತು. ಯಂತ್ರ ಹೇಗೆ ಏಳಬೇಕೆಂದು ಬರೆದಿಟ್ಟ ಕಡತದಲ್ಲಿ ಒಂದೇ ಸಾಲು ಸೇರಿಸಿದರೆ ಆಯಿತು. ಬೀಪ್ ಬಂದರೆ ಪಟ್ಟಿ ಬಂತೆಂದು ಅರ್ಥ, ಎಂಟರ್ ಒತ್ತಬೇಕು. ಲಿನಕ್ಸ್ ಎದ್ದು ನಿಂತಾಗ ಡೋಲು ಬಡಿದಂಥ ಒಂದು ಸದ್ದು ಬರುತ್ತದೆ, ಆಮೇಲೆ ಮಾತು. ಮೇಡಂ ಇವನ್ನು ಒಂದೇ ದಿನದಲ್ಲಿ ಕಲಿತರು. ಓದುವ ವೇಗವನ್ನು ದಿನದಿನಕ್ಕೆ ಏರಿಸುತ್ತ ಹೋಗಿ, ಕೊನೆಗೆ ನಮಗ್ಯಾರಿಗೂ ಅದು ಕನ್ನಡವೆಂದೇ ಗೊತ್ತಾಗದಷ್ಟು ವೇಗದಲ್ಲಿ ಕೇಳುತ್ತಿದ್ದರು.

ಮಂಡಳಿಯವರು ಬರುವ ದಿನ ನಾನು ಜೊತೆಗಿರಬೇಕೆಂದು ಬೆಳಗಿನ ಬಸ್ಸಿಗೇ ಹೊರಟೆ. ಶಿರಾಳಕೊಪ್ಪ ದಾಟುವಷ್ಟರಲ್ಲಿ ಬಸ್ಸಿನ ಟೈರು ಹೋಯಿತು. ನಾವೆಲ್ಲ ಇಳಿದು ಮೆಕ್ಕೆಜೋಳದ ಹೊಲದ ಬದುವಿನ ಮೇಲೆ ನಿಂತೆವು. ಆಗ ಫೋನು ಬಂತು.

‘ಮಂಜಪ್ಪ ಸರ್, ಆನ್ ಮಾಡಿದೆ. ಬೀಪ್ ಬರಲಿಲ್ಲ.’ ಮೇಡಂ ದನಿ ತಗ್ಗಿಸಿ ಮಾತಾಡುತ್ತಿದ್ದರು. ‘ಡೋಲೂ ಇಲ್ಲ, ಎಂತದೂ ಇಲ್ಲ. ಫ್ಯಾನ್ ಮಾತ್ರ ತಿರುಗ್ತಾ ಉಂಟು.’

‘ನಿನ್ನೆ ಯಾರಾದ್ರೂ ವಿಂಡೋಸ್ ಹಾಕಿದ್ರಾ ಮೇಡಂ?’

‘ಸಂಜೆ ಯಾರೋ ಹಾಕಿದ್ರಂತೆ. ಅದು ಅಪ್‌ಡೇಟ್ ಆಗ್ತಾ ಕೂತಿತ್ತಂತೆ.’

ನನಗೆ ಅರ್ಥವಾಯಿತು. ಅಪ್‌ಡೇಟ್ ಆಗುವಾಗ ವಿಂಡೋಸ್ ಒಮ್ಮೊಮ್ಮೆ ತನ್ನನ್ನೇ ಸಾಲಿನ ಮುಂದೆ ನಿಲ್ಲಿಸಿಕೊಳ್ಳುತ್ತದೆ. ನಮ್ಮ ಪಟ್ಟಿಯನ್ನು ಕೇಳದೆ ಯಂತ್ರ ಸೀದಾ ವಿಂಡೋಸ್‌ಗೆ ಹೋಗಿತ್ತು. ರೇಣುಕಾ ಅವರನ್ನು ಕರೆಯಿರಿ, ನಾನು ಅವರಿಗೆ ಹೇಳಿಕೊಡುತ್ತೇನೆ ಎಂದೆ.

‘ಬೇಡ. ಕಾರ್ಯದರ್ಶಿಗಳು ಪ್ರಿನ್ಸಿಪಾಲರ ರೂಮಲ್ಲಿ ಕಾಫಿ ಕುಡೀತಿದಾರೆ. ಯಾರ ಸಹಾಯವೂ ಇಲ್ಲದೆ ಅಂತ ಮಾತಾಗಿದೆಯಲ್ಲ. ನೀವು ಹೇಳಿ, ನಾನು ಒತ್ತುತೀನಿ.’

‘ನಾನು ಹೇಳೋದೂ ಸಹಾಯವೇ ಅಲ್ವಾ ಮೇಡಂ?’

‘ಯಂತ್ರ ಕೆಟ್ರೆ ಕಣ್ಣಿದ್ದವರೂ ನಿಮ್ಮನ್ನೇ ಕೇಳ್ತಾರಲ್ಲ? ಬೇಗ ಹೇಳಿ.’

ಯಂತ್ರ ಆರಿಸಿ ಮತ್ತೆ ಹಾಕಿದ ಕೂಡಲೇ ಎಫ್ ಹನ್ನೆರಡು ಕೀಲಿಯನ್ನು ಬಿಡದೆ ತಟ್ಟುತ್ತಿರಲು ಹೇಳಿದೆ. ಮೇಲಿನ ಸಾಲಿನ ಬಲತುದಿಯಲ್ಲಿ ಬೆರಳಿಗೆ ಸಿಗುತ್ತದೆ. ಆಗ ಯಾವುದರಿಂದ ಏಳಬೇಕೆಂದು ಯಂತ್ರ ಕೇಳುತ್ತದೆ. ಆ ಪರದೆ ನನ್ನ ಕಣ್ಣ ಮುಂದೆ ಇರಲಿಲ್ಲ, ಅವರಿಗೂ ಕಾಣುತ್ತಿರಲಿಲ್ಲ. ವಿಂಡೋಸ್ ಮೊದಲು, ಅದರ ಕೆಳಗೆ ನಮ್ಮದು ಇರಬಹುದು ಎಂದು ಅಂದಾಜು ಹಾಕಿ, ಕೆಳಬಾಣ ಒಮ್ಮೆ, ಆಮೇಲೆ ಎಂಟರ್ ಎಂದೆ. ಕಾದೆವು. ಪಕ್ಕದಲ್ಲಿ ಕಂಡಕ್ಟರು ಜಾಕ್ ತಿರುಗಿಸುವ ಡ್ರೈವರಿಗೆ ಏನೋ ಕೂಗುತ್ತಿದ್ದ. ನಾನು ಇನ್ನೊಂದು ಕಿವಿ ಮುಚ್ಚಿಕೊಂಡೆ.

‘ಇಲ್ಲ ಸರ್. ಸುಮ್ಮನಿದೆ.’

ಆ ಯಂತ್ರದಲ್ಲಿ ಹಳೆಯ ಸಿ.ಡಿ. ಡ್ರೈವ್ ಇದ್ದದ್ದು ಆಗ ನೆನಪಾಯಿತು. ನಡುವೆ ಅದು ಬಂದಿದ್ದರೆ? ‘ಇನ್ನೊಂದ್ಸಲ ಆರಿಸಿ ಹಾಕಿ ಮೇಡಂ. ಕೆಳಬಾಣ ಈ ಸಲ ಎರಡು ಬಾರಿ.’

ಕೀಲಿ ತಟ್ಟುವ ಸದ್ದು ಫೋನಿನಲ್ಲಿ ಕೇಳುತ್ತಿತ್ತು. ನಿಂತಿತು. ಎರಡು ಸಣ್ಣ ಸದ್ದು, ಒಂದು ದೊಡ್ಡ ಸದ್ದು. ಆಮೇಲೆ ಬೀಪ್! ಸ್ವಲ್ಪ ಹೊತ್ತಿಗೆ ಡೋಲಿನ ಸದ್ದು, ಅದರ ಹಿಂದೆಯೇ ಆ ಮೂಗು ಕಟ್ಟಿದ ದನಿ. ಹೊಲದ ಬದುವಿನ ಮೇಲೆ ನಿಂತು ನಾನು ‘ಬಂತು!’ ಎಂದು ಕೂಗಿದೆ. ಬಸ್ಸು ರೆಡಿಯಾಯಿತೆಂದುಕೊಂಡು ಜನ ಬಾಗಿಲಿಗೆ ನುಗ್ಗಿದರು.

ನಾನು ಸೊರಬ ಮುಟ್ಟಿದಾಗ ಮೇಡಂ ಅವರ ಪರೀಕ್ಷೆ ಆಗಲೇ ಶುರುವಾಗಿತ್ತು. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತುಕೊಂಡೆ. ತಾಳಗುಂದದ ಶಾಸನದ ಬಗ್ಗೆ ಹುಡುಗರು ಬರೆದ ಪ್ರಬಂಧಗಳು ಫೋಲ್ಡರಿನಲ್ಲಿದ್ದವು. ಶಿವಾನಂದಪ್ಪನವರು ತಾವೇ ಒಂದನ್ನು ಆರಿಸಿ ಹೆಸರು ಹೇಳಿದರು. ಮೇಡಂ ತೆರೆದರು. ಯಂತ್ರ ಗಿರಣಿಯ ಹಾಗೆ ಓದಿಕೊಂಡು ಹೋಯಿತು.

‘ಇದೇನ್ರೀ, ಬರೀ ಗದ್ದಲ! ಏನರ ತಿಳೀತೈತೇನು ನಿಮಗ?’ ಎಂದರು ಕಾರ್ಯದರ್ಶಿಗಳು.

ಮೇಡಂ ವೇಗ ಇಳಿಸಿದರು. ಈಗ ಎಲ್ಲರಿಗೂ ಕನ್ನಡ ಕೇಳಿಸಿತು. ಒಂದು ಪ್ಯಾರಾ ಆದ ಮೇಲೆ ನಿಲ್ಲಿಸಿ, ಹುಡುಗ ಶಾಸನದಲ್ಲಿರುವುದನ್ನೂ ಊರಲ್ಲಿ ಜನ ಹೇಳುವುದನ್ನೂ ಕಲಸಿಬಿಟ್ಟಿದ್ದಾನೆ, ಆದರೆ ಕಂಬದ ವರ್ಣನೆ ಚೆನ್ನಾಗಿದೆ, ಹೋಗಿ ನೋಡಿ ಬಂದಿದ್ದಾನೆ ಎಂದು ವಿವರಿಸಿದರು. ಅಂಕ ಟೈಪು ಮಾಡಿದರು. ಇನ್ನೊಂದು ತೆರೆಯಿರಿ ಎಂದರು ಕಾರ್ಯದರ್ಶಿಗಳು. ತೆರೆದರು. ಮತ್ತೊಂದು. ಮೂರನೆಯದನ್ನು ಕೇಳುತ್ತಿದ್ದಂತೆ ಮೇಡಂ ತಟ್ಟನೆ ನಿಲ್ಲಿಸಿ ಹಿಂದಿನದಕ್ಕೆ ಹೋದರು.

‘ಕೇಳಿ ಸರ್.’ ಯಂತ್ರ ‘ಕಂದಬರು’ ಎಂದಿತು. ಮುಂದಿನ ಪ್ರಬಂಧಕ್ಕೆ ಬಂದರು. ಅಲ್ಲೂ ‘ಕಂದಬರು’. ‘ಇಬ್ಬರೂ ಕದಂಬರನ್ನ ಒಂದೇ ಜಾಗದಲ್ಲಿ ಕಂದಬರು ಮಾಡಿದಾರೆ. ಒಬ್ಬ ಬರೆದಿದಾನೆ, ಇನ್ನೊಬ್ಬ ಇಳಿಸಿಕೊಂಡಿದಾನೆ. ಓದೋ ಕಣ್ಣು ತಪ್ಪನ್ನ ತಾನೇ ಸರಿ ಮಾಡ್ಕೊಂಡು ಮುಂದೆ ಹೋಗಿಬಿಡ್ತದೆ. ಹಿಂದೆ ನಾನೂ ಹಾಗೇ ಎಷ್ಟು ಬಿಟ್ಟಿದೀನೋ. ಇದು ಬಿಡೋದಿಲ್ಲ.’

ಶಿವಾನಂದಪ್ಪನವರು ಮೊದಲು ಗಂಭೀರವಾಗಿದ್ದರು. ಆಮೇಲೆ ಅವರ ಹೊಟ್ಟೆ ಅಲ್ಲಾಡತೊಡಗಿತು. ‘ಮೇಷ್ಟ್ರಾಗಿದ್ದಾಗ ನನಗ ಎಷ್ಟು ಮಂದಿ ಹಿಂಗ ಟೋಪಿ ಹಾಕ್ಯಾರೋ ಏನೋ!’ ಎಂದು ನಕ್ಕು, ಜೊತೆಗೆ ಬಂದವರ ಕಡೆ ತಿರುಗಿದರು. ‘ಲೈಬ್ರರಿ ಕುರ್ಚಿ ಮಾತು ಇಲ್ಲಿಗೆ ಬಿಡ್ರಿ. ಮೇಡಂ, ನಾಳೆಯಿಂದ ನಿಮ್ಮ ಕ್ಲಾಸು ನಿಮಗ.’

‘ನಾಳೆಯಿಂದ ಯಾಕೆ ಸರ್? ಮಧ್ಯಾಹ್ನವೇ ಒಂದು ಕ್ಲಾಸ್ ಉಂಟು,’ ಎಂದರು ಮೇಡಂ.

ಆಮೇಲಿನ ವರ್ಷಗಳಲ್ಲಿ ತೊಂದರೆಗಳು ಬರದೆ ಇರಲಿಲ್ಲ. ಒಂದು ಬೆಳಿಗ್ಗೆ ಆಫೀಸಿನ ಯಾವ ವಿಂಡೋಸ್ ಯಂತ್ರಕ್ಕೂ ನಮ್ಮ ಫೋಲ್ಡರ್ ಕಾಣಲಿಲ್ಲ. ಹೊಸ ವಿಂಡೋಸ್ ಹಳೆಯ ವಿಧಾನದ ಹಂಚಿಕೆಯನ್ನು ಅಪಾಯವೆಂದು ನಿಲ್ಲಿಸಿಬಿಟ್ಟಿತ್ತು. ವಿಂಡೋಸ್‌ನಲ್ಲಿ ಹಳೆಯದನ್ನೇ ಮತ್ತೆ ಚಾಲೂ ಮಾಡಿ ಎಂದು ಹಲವರು ಸಲಹೆ ಕೊಟ್ಟರು. ಅದು ಬಾಗಿಲ ಚಿಲಕ ತೆಗೆದು ಮಲಗಿದ ಹಾಗೆ. ನಾನು ಸಾಂಬಾವನ್ನೇ ಹೊಸ ಆವೃತ್ತಿಗೆ ಏರಿಸಿದೆ. ಹೊಸಬರು ಇದನ್ನು ನೆನಪಿಡಿ: ನಡೆಯುತ್ತಿದ್ದದ್ದು ನಿಂತಾಗ ಹಿಂದಕ್ಕೆ ಹೋಗುವ ದಾರಿ ಹತ್ತಿರ ಕಾಣುತ್ತದೆ, ಆದರೂ ಮುಂದಿನದನ್ನು ಹಿಡಿಯಿರಿ. ತಿರುಗಿಸುವ ತಂತ್ರಾಂಶವೂ ನಿಧಾನವಾಗಿ ಬೇಡವಾಯಿತು. ಮೇಡಂ ತಮ್ಮ ತರಗತಿಗೆ ಯುನಿಕೋಡ್‌ನಲ್ಲೇ ಬರೆಯಬೇಕೆಂದು ಹೇಳಿದರು. ಹುಡುಗರು ಮೊಬೈಲಿನಲ್ಲಿ ಬರೆಯುತ್ತಿದ್ದದ್ದು ಹೇಗೂ ಅದೇ. ರೇಣುಕಾ ಒಂದು ರಜೆಯಲ್ಲಿ ಯಾರಿಗೂ ಹೇಳದೆ ಕಲಿತು ಬಂದು ನಮ್ಮೆಲ್ಲರಿಗಿಂತ ವೇಗವಾಗಿ ಟೈಪು ಮಾಡಿ ತೋರಿಸಿದರು.

ನಾನು ನಿವೃತ್ತನಾಗಿ ಕೆಲವು ತಿಂಗಳ ಮೇಲೆ ಮೇಡಂ ಫೋನು ಮಾಡಿದರು. ಏನೋ ಕೆಟ್ಟಿರಬೇಕೆಂದು ನಾನು ಚೀಲ ಹುಡುಕತೊಡಗಿದೆ.

‘ಎಂತದೂ ಕೆಟ್ಟಿಲ್ಲ ಸರ್. ಹೊಸ ಕಂಪ್ಯೂಟರ್ ಬಂತು, ನಿಮ್ಮ ಜಾಗಕ್ಕೆ ಬಂದವರಿಗೆ ಕೂತು ಹೇಳಿಕೊಟ್ಟೆ, ಎಲ್ಲ ಹಾಕಿದಾರೆ. ಈಗ ನನ್ನ ಪಕ್ಕದಲ್ಲಿ ಒಬ್ಬರು ಟೀಚರ್ ಇದಾರೆ. ಕ್ಯಾಸನೂರು ಕಡೆಯವರು, ಹೈಸ್ಕೂಲಲ್ಲಿ ಕನ್ನಡ ಹೇಳ್ತಾರೆ. ಅವರಿಗೂ ಕಣ್ಣು ಹೋಗ್ತಾ ಉಂಟು. ನಿಮ್ಮ ಹತ್ರ ಒಂದು ಮಾತು ಕೇಳ್ಬೇಕಂತೆ.’

ಫೋನು ಕೈ ಬದಲಾಯಿತು. ‘ಸರ್, ನಮಸ್ಕಾರ. ಇದೆಲ್ಲ ಕಲಿಯೋದು ನನ್ನಿಂದ ಆಗ್ತದಾ?’

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಸುಮಿತ್ರಾ ಮೇಡಂ ದನಿ ಬಂತು. ‘ಅದನ್ನ ಅವರನ್ನ ಕೇಳಿದ್ರೆ ಅವರಿಗೆಂತ ಗೊತ್ತು? ನನ್ನನ್ನ ಕೇಳಿ. ಬನ್ನಿ, ಕುರ್ಚಿ ಇಲ್ಲಿದೆ.’